ಇಲ್ಲದ ಹಡಗು, ಹಾರದ ಬಾಣ: ಮಾಡಬೇಕಾದ್ದು, ಮಾಡಬಾರದ್ದು

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಭಾನುವಾರ ಬೆಳಗ್ಗೆ ಸೇರುವ ನಮ್ಮ ಚಿತ್ರದ ಬೈಠಕ್ಕಿಗೆ ಬರುವ ಎಲ್ಲರಿಗೂ ಈ ಸೂಚನೆ. ಬೀದರ್, ಕಲಬುರಗಿ, ರಾಯಚೂರಿನಿಂದ ಓದಲು, ದುಡಿಯಲು ಬಂದವರೇ ಇಲ್ಲಿ ಹೆಚ್ಚು. ನಾವು ತೆಗೆಯುವುದು ಚರಿತ್ರೆಯಲ್ಲಿ ಇರಬಹುದಾಗಿದ್ದ, ಆದರೆ ಇಲ್ಲದ ಹಡಗುಗಳ ಮತ್ತು ರಾಕೆಟ್ಟುಗಳ ಚಿತ್ರ. 1799ರಲ್ಲಿ ಶ್ರೀರಂಗಪಟ್ಟಣ ಬೀಳದಿದ್ದರೆ ಮಂಗಳೂರಿನಲ್ಲಿ ಎಂಥ ಹಡಗು ನೀರಿಗಿಳಿಯುತ್ತಿತ್ತು? ಗೋಲ್ಕೊಂಡದ ಸುಲ್ತಾನರು ಮಚಲೀಪಟ್ಟಣದಲ್ಲಿ ಸ್ವಂತ ನೌಕಾಪಡೆ ಕಟ್ಟಿದ್ದರೆ?

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ತನ್ನ ಹಾಳೆ ಸುತ್ತಿಕೊಂಡು ಎದ್ದು ಹೋದ. ಮತ್ತೆ ಬರಲಿಲ್ಲ. ಅವನ ಚಿತ್ರದಲ್ಲಿ ತಪ್ಪಿತ್ತು, ನಿಜ. ನಾವು ಅದನ್ನು ಹೇಳಿದ ರೀತಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿತ್ತು. ಎರಡೂ ಮರುಕಳಿಸಬಾರದೆಂದು ಇದನ್ನು ಬರೆದು ಗೋಡೆಗೆ ಹಚ್ಚುತ್ತಿದ್ದೇನೆ.

ಮಾಡಬೇಕಾದ್ದು

ಪೆನ್ಸಿಲ್ ಹಿಡಿಯುವ ಮೊದಲು ಹಾಳೆಯ ಮೂಲೆಯಲ್ಲಿ ವರ್ಷ ಬರೆಯಿರಿ. ಹಡಗು ಎಲ್ಲಿ ಕಟ್ಟಿದ್ದು, ಯಾರ ದುಡ್ಡಿನಲ್ಲಿ ಎಂಬುದನ್ನೂ ಬರೆಯಿರಿ. ಮರವೋ ಉಕ್ಕೋ, ಹಾಯಿಯೋ ಉಗಿಯೋ ಎಂಬುದು ವರ್ಷದಿಂದ ತೀರ್ಮಾನವಾಗುತ್ತದೆ. ಟಿಪ್ಪು 1796ರಲ್ಲಿ ನೌಕಾಪಡೆಗಾಗಿ ಆಜ್ಞೆ ಹೊರಡಿಸಿ, ದೊಡ್ಡ ಯುದ್ಧನೌಕೆಗಳನ್ನೂ ಫ್ರಿಗೇಟುಗಳನ್ನೂ ಕಟ್ಟಿಸಲು ಹೊರಟಿದ್ದ. ಕಾಗದದ ಮೇಲಿದ್ದಷ್ಟು ಅದು ನೀರಿನ ಮೇಲೆ ಬರಲೇ ಇಲ್ಲ. ನಮ್ಮ ಕಲ್ಪನೆಗೆ ಜಾಗ ಇರುವುದು ಅಲ್ಲೇ.

ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತ ನೋಡಿ. ಹೊಸಬರ ಚಿತ್ರಗಳು ಎಡವುವುದು ಹೆಚ್ಚಾಗಿ ಇಲ್ಲಿ. ಎರಡು ನಿಜವಾದ ಹಡಗುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ಟ್ರಿಂಕೋಮಲಿ: ಬೊಂಬಾಯಿಯಲ್ಲಿ ವಾಡಿಯಾ ಮನೆತನದವರು ತೇಗದ ಮರದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಫ್ರಿಗೇಟ್. ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ತೋಪಿನ ಅಟ್ಟದ ಉದ್ದ ಸುಮಾರು 150 ಅಡಿ, ಅಗಲ 40 ಅಡಿ. ಅಂದರೆ ಅಗಲದ ನಾಲ್ಕು ಪಟ್ಟೂ ಉದ್ದವಿಲ್ಲ. ಇನ್ನೊಂದು ನಮ್ಮೂರಿನದೇ ಎನ್ನಬೇಕು. ಹೈದರಾಬಾದಿಗೆ ಸಮುದ್ರವಿಲ್ಲ, ಆದರೂ ನಿಜಾಮರ ದೇಣಿಗೆಯ ನೆನಪಿಗೆ ‘ನಿಜಾಮ್’ ಎಂದೇ ಹೆಸರಿಟ್ಟ ಡಿಸ್ಟ್ರಾಯರ್ ಒಂದು 1941ರಲ್ಲಿ ಆಸ್ಟ್ರೇಲಿಯಾದ ನೌಕಾಪಡೆ ಸೇರಿತು. ಅದರ ಉದ್ದ 356 ಅಡಿ, ಅಗಲ 36 ಅಡಿಗೆ ಚೂರು ಕಡಿಮೆ. ಹತ್ತು ಪಟ್ಟು! ಅಷ್ಟು ತೆಳ್ಳಗಿನ ಒಡಲನ್ನು ಮರದಲ್ಲಿ ಕಟ್ಟಿದರೆ ಅಲೆಯ ಮೇಲೆ ನಡು ಉಬ್ಬಿ, ಎರಡೂ ತುದಿ ಬಾಗಿ, ಹಲಗೆಯ ಸಂದು ಬಿಡುತ್ತದೆ. ಹಾಯಿಯ ಭಾರಕ್ಕೆ ಪಕ್ಕಕ್ಕೂ ವಾಲುತ್ತದೆ. 1805ರ ಮಂಗಳೂರಿನ ಹಡಗನ್ನು ಡಿಸ್ಟ್ರಾಯರಿನ ಹಾಗೆ ಎಳೆದು ತಂದರೆ ನಾವು ಒಪ್ಪುವುದಿಲ್ಲ.

ತೂಕ ಲೆಕ್ಕ ಹಾಕಿ. 18 ಪೌಂಡಿನ ತೋಪು ಒಂದೊಂದೂ ಸುಮಾರು 2 ಟನ್. 28 ತೋಪು ಕೂರಿಸಿದರೆ 56 ಟನ್, ಅದೂ ನೀರಿನ ಗೆರೆಯ ಮೇಲೆ. ಉಕ್ಕಿನ ತೆಳ್ಳನೆಯ ಹಡಗಾದರೆ ನೀರಿನ ಗೆರೆಯ ಉದ್ದ, ಅಗಲ, ನೀರಿನೊಳಗಿನ ಆಳ ಮೂರನ್ನೂ ಮೀಟರಿನಲ್ಲಿ ಗುಣಿಸಿ, ಅರ್ಧ ಮಾಡಿ. ಸಿಕ್ಕಿದ್ದು ಹೆಚ್ಚುಕಡಿಮೆ ಹಡಗಿನ ಟನ್ ತೂಕ. ನೀವು ಕೂರಿಸಿದ ತೋಪು, ಎಂಜಿನ್, ಕವಚ ಅದರೊಳಗೆ ಹಿಡಿಸದಿದ್ದರೆ ಚಿತ್ರವನ್ನು ತಿದ್ದಿ, ಲೆಕ್ಕವನ್ನಲ್ಲ. ಸ್ವೀಡನ್ನಿನ ವಾಸಾ 1628ರಲ್ಲಿ ಮೊದಲ ಯಾನದಲ್ಲೇ, ಬಂದರು ದಾಟುವ ಮುಂಚೆ ಮಗುಚಿದ್ದು ಮೇಲ್ಭಾಗ ಭಾರವಾಗಿ, ಕೆಳಗಿನ ತೋಪಿನ ಕಿಂಡಿಗಳಿಂದ ನೀರು ನುಗ್ಗಿ. ಸರಿಯಾಗಿ ಕಟ್ಟಿದ ನಿಜಾಮ್ ಕೂಡ 1945ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ನೈಋತ್ಯ ತುದಿಯ ಬಳಿ ಒಂದು ದೊಡ್ಡ ಅಲೆಗೆ ವಿಪರೀತ ವಾಲಿ ಹತ್ತು ಮಂದಿಯನ್ನು ಕಳೆದುಕೊಂಡಿತು. ನೀರಿನ ಗೆರೆ ಎಳೆಯದ ಚಿತ್ರವನ್ನು ಮೇಜಿನ ಮೇಲೆ ಹರಡಬೇಡಿ.

ರಾಕೆಟ್ಟಿಗೂ ಅದೇ ಕಟ್ಟುನಿಟ್ಟು. ಮೈಸೂರಿನ ಬಾಣಕ್ಕೆ ರೆಕ್ಕೆ ಇರಲಿಲ್ಲ, ಚೂಪು ಮೂತಿಯ ಅಂದ ಇರಲಿಲ್ಲ. ಗೇಣುದ್ದದ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಮೀಟರಿಗೂ ಉದ್ದದ ಬಿದಿರು. ಕಬ್ಬಿಣದ ಕೊಳವೆಯಾದ್ದರಿಂದಲೇ ಒಳಗಿನ ಒತ್ತಡ ತಾಳಿ, ಕಾಗದದ ಬಾಣಗಳಿಗಿಂತ ದೂರ ಹಾರಿತು. ಬಿದಿರು ಇದ್ದದ್ದರಿಂದ ದಾರಿ ತೀರಾ ತಪ್ಪಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಇಂಥ ಬಾಣಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಅವುಗಳ ಫೋಟೊ ನೋಡಿ, ಸಿನಿಮಾ ನೋಡಿ ಅಲ್ಲ. ಮೈಸೂರಿನ ಬಾಣ ನೋಡಿ ಕಲಿತ ಬ್ರಿಟನ್ನಿನ ಕಾಂಗ್ರೀವ್‌ನ 32 ಪೌಂಡಿನ ರಾಕೆಟ್ಟಿಗೂ 15 ಅಡಿಯ ಕೋಲು ಬೇಕಿತ್ತು. ಕೋಲಿಲ್ಲದೆ ತಿರುಗುತ್ತಾ ಹಾರುವ ರಾಕೆಟ್ಟನ್ನು ವಿಲಿಯಂ ಹೇಲ್ ತಂದದ್ದು 1844ರಲ್ಲಿ. ಅದಕ್ಕಿಂತ ಮುಂಚಿನ ವರ್ಷ ಹಾಕಿ ಕೋಲು ಬಿಟ್ಟಿದ್ದರೆ, ಯಾಕೆ ಬಿಟ್ಟಿರಿ ಎಂದು ಹಾಳೆಯಲ್ಲೇ ಕಾರಣ ಕೊಡಿ. ಕಾರಣ ಗಟ್ಟಿಯಾಗಿದ್ದರೆ ಒಪ್ಪುತ್ತೇವೆ.

ಎದ್ದು ಹೋದ ಹುಡುಗ ತಂದದ್ದು ರಾಕೆಟ್ ಹಾರಿಸುವ ಫ್ರಿಗೇಟು. ಒಳ್ಳೆಯ ಯೋಚನೆ. ಆದರೆ ಚೌಕಟ್ಟುಗಳನ್ನು ಮೇಲಟ್ಟದಲ್ಲಿ, ಹಾಯಿಯ ಕೆಳಗೇ ಇಟ್ಟಿದ್ದ. ಮೊದಲ ಬಾಣಕ್ಕೇ ಹಾಯಿಗೆ ಬೆಂಕಿ ಹತ್ತುತ್ತಿತ್ತು. 1814ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕೋಟೆಯ ಮೇಲೆ ರಾಕೆಟ್ ಬಿಟ್ಟ ಬ್ರಿಟಿಷರ ಎರೆಬಸ್ ಹಡಗಿನಲ್ಲಿ ಅವನ್ನು ಅಟ್ಟದ ಕೆಳಗಿಂದ, ಪಕ್ಕೆಯ ಕಿಂಡಿಗಳಿಂದ ಹಾರಿಸುತ್ತಿದ್ದರು. ಇಷ್ಟನ್ನು ಅವನಿಗೆ ಹೇಳಿದ್ದರೆ ಅಂದೇ ತಿದ್ದುತ್ತಿದ್ದ. ಯಾರೂ ಹೇಳಲಿಲ್ಲ. ನಕ್ಕರು.

ಗೋಲ್ಕೊಂಡ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಬುರುಜಿನ ಮೇಲಿನ ತೋಪುಗಳ ಪಕ್ಕ ನಿಂತು ನೋಡಿ ಬನ್ನಿ. ಮೂತಿಯಿಂದ ಮದ್ದು ತುಂಬುವ ತೋಪಿನ ಹಿಂದೆ ಮುಂದೆ ಎಷ್ಟು ಜಾಗ ಬೇಕೆಂದು ಕಾಲಿಗೆ ತಿಳಿಯಬೇಕು.

ಮಾಡಬಾರದ್ದು

ಚಿತ್ರದ ಮೇಲೆ ‘ಕಲ್ಪಿತ’ ಎಂದು ಬರೆಯದೆ ಹೊರಗೆ ಕಳಿಸಬಾರದು. ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವಾಗ ನಮ್ಮ ಹಡಗು ‘ಟಿಪ್ಪುವಿನ ನಿಜವಾದ ಹಡಗು’ ಆಗಿಬಿಡುತ್ತದೆ. ಆ ಪದ ಚಿತ್ರದ ಒಳಗೇ ಇರಲಿ, ಕತ್ತರಿಸಲು ಬರದಂತೆ. ಯಾವ ದೊರೆ ಒಳ್ಳೆಯವ, ಯಾವನು ಕೆಟ್ಟವ ಎಂಬ ಜಗಳವನ್ನೂ ಇಲ್ಲಿ ತರಬೇಡಿ.

ಮದ್ದು ತುಂಬಬಾರದು. ಪಟಾಕಿ ಬಿಚ್ಚಿ, ಕೊಳವೆ ಮಾಡಿ ‘ಪ್ರಯೋಗ’ ಮಾಡಿದವರಿಗೆ ಮರುದಿನದಿಂದ ಬಾಗಿಲು ಮುಚ್ಚಿರುತ್ತದೆ. ಪಕ್ಕದಲ್ಲೇ ಸೇನಾ ನೆಲೆಯಿದೆ. ಅದರ ಫೋಟೊ ತೆಗೆಯಬಾರದು, ಚಿತ್ರವನ್ನೂ ತೆಗೆಯಬಾರದು. ಇಂದಿನ ಯಾವ ಕ್ಷಿಪಣಿಯೂ ನಮ್ಮ ವಿಷಯವಲ್ಲ.

ಇನ್ನು ವಿಮರ್ಶೆ. ‘ಚೆನ್ನಾಗಿಲ್ಲ’ ಎನ್ನಬಾರದು. ‘ಚೆನ್ನಾಗಿದೆ’ ಎಂದು ಮುಗಿಸಲೂಬಾರದು. ಯಾವ ಗೆರೆ, ಯಾವ ಅಳತೆ, ಏಕೆ ಎಂದು ಬೆರಳಿಟ್ಟು ತೋರಿಸಿ. ಕಿರಿಯರಿಗೂ ‘ನೀವು’ ಎನ್ನಿ. ಮೊದಲ ಮಾತು ಚಿತ್ರ ತಂದವರದ್ದು. ಅವರು ಮುಗಿಸುವ ತನಕ ಬಾಯಿ ಹಾಕಬೇಡಿ. ಅವರ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಆಡಿಸಬೇಡಿ, ಟ್ರೇಸಿಂಗ್ ಪೇಪರ್ ಹಾಸಿ ಅದರ ಮೇಲೆ ತಿದ್ದಿ.

ತಿದ್ದಿಸಿಕೊಳ್ಳುವವರೂ ಕೇಳಿ. ಬ್ರಿಟನ್ನಿನ ಕ್ಯಾಪ್ಟನ್ ಎಂಬ ಯುದ್ಧನೌಕೆಯನ್ನು ಕೌಪರ್ ಕೋಲ್ಸ್ ರೂಪಿಸಿದಾಗ ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಅದರ ಬಗ್ಗೆ ಎಚ್ಚರಿಸಿದ್ದರು. ಪತ್ರಿಕೆಗಳೂ ಸಂಸತ್ತೂ ಕೋಲ್ಸ್ ಕಡೆ ನಿಂತವು. ನೀರಿನ ಮೇಲೆ 8 ಅಡಿ ಇರಬೇಕಿದ್ದ ಪಕ್ಕೆ, ಹಡಗು ಭಾರವಾಗಿ, ಆರೂವರೆ ಅಡಿಗೆ ಇಳಿದಿತ್ತು. ಮೇಲೆ ಪೂರ್ತಿ ಹಾಯಿಕಂಬಗಳು. 1870ರ ಸೆಪ್ಟೆಂಬರ್ 6-7ರ ನಡುರಾತ್ರಿ ಗಾಳಿಗೆ ಮಗುಚಿ ಸುಮಾರು 480 ಮಂದಿ ಸತ್ತರು. ಕೋಲ್ಸ್ ಕೂಡ ಅದರಲ್ಲೇ ಇದ್ದರು.

ನಮ್ಮ ಮೇಜಿನ ಮೇಲೆ ಯಾರೂ ಮುಳುಗುವುದಿಲ್ಲ. ಇಲ್ಲೇ ತಪ್ಪು ಮಾಡಿ, ಇಲ್ಲೇ ತಿದ್ದಿಕೊಳ್ಳಿ. ಆ ಹುಡುಗನ ಪರಿಚಯ ಇರುವವರು ದಯವಿಟ್ಟು ಅವನಿಗೆ ತಿಳಿಸಿ: ಬರುವ ಭಾನುವಾರ ಮೊದಲ ಸರದಿ ಅವನ ಫ್ರಿಗೇಟಿನದ್ದು.