ಒಂದು ಜಿಲ್ಲೆ, ಮೂರು ಗಡಿ: ಯಾದಗಿರಿಯ ಭೂಮಿ ಮೇಲೆ ಯಾರ ಮಾತು ನಡೀತದ?

ಸರ್ವೇಯಿಂಗ್ ಲ್ಯಾಬಿನಲ್ಲಿ ನಾವು ಗಡಿ ಗುರುತಿಸೋದು ಕಲಿಯುತ್ತೇವೆ. ಟೋಟಲ್ ಸ್ಟೇಷನ್ ಇಡು, ರೀಡಿಂಗ್ ತಗೋ, ಪಾಯಿಂಟ್ ಸೇರಿಸು, ಏರಿಯಾ ತೆಗೆ. ಅಲ್ಲಿಗೆ ರೆಕಾರ್ಡ್ ಮುಗೀತು, ಸಹಿ ಬಿತ್ತು. ಆದರೆ ಸರ್ಕಾರ ಒಂದು ಗಡಿ ಎಳೆದು, ‘ಇದರೊಳಗಿನ ಜಮೀನಿನ ಅಭಿವೃದ್ಧಿ ಇನ್ನು ಮೇಲೆ ಈ ಪ್ರಾಧಿಕಾರದ್ದು’ ಅಂತ ಅಧಿಸೂಚನೆ ಹೊರಡಿಸಿದಾಗ ನೆಲದ ಮೇಲೆ ಏನು ಬದಲಾಗುತ್ತದೆ? ಈ ಪ್ರಶ್ನೆ ಯಾವ ಲ್ಯಾಬಿನಲ್ಲೂ ಬರುವುದಿಲ್ಲ. ಅದಕ್ಕೇ ಈ ಪಾಠ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್ ಕೊನೆಗೆ ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿಯಲ್ಲೇ ಇಂಥ ಮೂರು ನಮೂನೆಯ ಗಡಿಗಳಿವೆ. ಮೂರೂ ‘ಅಭಿವೃದ್ಧಿ’ಗಾಗಿಯೇ ಎಳೆದವು. ಆದರೆ ಮೂರರೊಳಗೂ ಜಮೀನಿನ ಮಾಲೀಕನ ಸ್ಥಿತಿ ಬೇರೆ ಬೇರೆ.

ಮೊದಲ ಗಡಿ: ಊರಿನ ಸುತ್ತ

‘ಪ್ಲಾಟ್ ಎನ್‌ಎ ಆಗ್ಯಾದೇನು?’ ನಮ್ಮ ಕಡೆ ಸೈಟು ಕೊಳ್ಳುವವರು ಕೇಳುವ ಮೊದಲ ಮಾತೇ ಇದು. ಎನ್‌ಎ ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ್ದು. ಆದರೆ ಅದೊಂದೇ ಸಾಲದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿನ ಸುತ್ತ ‘ಸ್ಥಳೀಯ ಯೋಜನಾ ಪ್ರದೇಶ’ ಘೋಷಿಸಿ, ಅದಕ್ಕೊಂದು ಯೋಜನಾ ಪ್ರಾಧಿಕಾರ ಇರುತ್ತದೆ. ದೊಡ್ಡ ಊರುಗಳಿಗೆ 1987ರ ಕಾಯ್ದೆಯಡಿ ನಗರಾಭಿವೃದ್ಧಿ ಪ್ರಾಧಿಕಾರ ರಚನೆಯಾಗುತ್ತದೆ. ಯಾದಗಿರಿಗೂ ಒಂದಿದೆ.

ಈ ಪ್ರಾಧಿಕಾರ ಮಹಾಯೋಜನೆ ತಯಾರಿಸಿ ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ, ರಸ್ತೆಗಳಿಗೆ ಜಾಗ ಗುರುತಿಸುತ್ತದೆ. ಕರಡು ಪ್ರಕಟವಾದಾಗ ಜನ ಆಕ್ಷೇಪಣೆ ಸಲ್ಲಿಸಬಹುದು. ಜಮೀನು ಮಾಲೀಕನ ಹೆಸರಿನಲ್ಲೇ ಇರುತ್ತದೆ, ಆದರೆ ಅದರಲ್ಲಿ ಏನು ಕಟ್ಟಬಹುದು ಅನ್ನೋದಕ್ಕೆ ನಿಯಮ ಬರುತ್ತದೆ. ಅಂದರೆ ಇದು ನಿಯಂತ್ರಿಸುವ ಗಡಿ. ಲೇಔಟ್ ಮಂಜೂರಾತಿ ಇಲ್ಲದೆ ಹೊಲವನ್ನು ತುಂಡು ಮಾಡಿ ಮಾರಿದ ಕಡೆ ಚರಂಡಿ ಎಲ್ಲಿಗೂ ಸೇರುವುದಿಲ್ಲ, ರಸ್ತೆ ಅರ್ಧಕ್ಕೇ ನಿಲ್ಲುತ್ತದೆ. ಗಡಿ ಎಳೆದೂ ಅದರ ನಿಯಮ ಜಾರಿಯಾಗದಿದ್ದರೆ ಆಗೋದು ಇದೇ.

ಎರಡನೇ ಗಡಿ: ಕಾಲುವೆಯ ಕೆಳಗೆ

ಶಹಾಪುರದ ಹತ್ತಿರ ಭೀಮರಾಯನಗುಡಿ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ ಅಲ್ಲಿದೆ. ಜನರ ಬಾಯಲ್ಲಿ ಅದು ‘ಕಾಡಾ’. ಇದಕ್ಕೆ ಆಧಾರ 1980ರ ಕರ್ನಾಟಕ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾಯ್ದೆ. ಈ ಗಡಿಯನ್ನು ಎಳೆದದ್ದು ಊರಿನ ಹೆಸರು ನೋಡಿ ಅಲ್ಲ, ನಾರಾಯಣಪುರದ ಬಸವಸಾಗರ ಜಲಾಶಯದಂಥ ಕಡೆಯಿಂದ ಬರುವ ನೀರು ಎಲ್ಲಿಯವರೆಗೆ ಹರಿಯುತ್ತದೆ ಎಂಬುದನ್ನು ನೋಡಿ. ಯೋಜನೆಯ ಮೊದಲೆರಡು ಹಂತಗಳ ಅಚ್ಚುಕಟ್ಟು ಸುಮಾರು 6.22 ಲಕ್ಷ ಹೆಕ್ಟೇರ್, ಅಂದರೆ 15 ಲಕ್ಷ ಎಕರೆಗೂ ಮೇಲು. ಅದು ಹಲವು ಜಿಲ್ಲೆಗಳಲ್ಲಿ ಹರಡಿದೆ.

ಕಾಲುವೆ ತೋಡಿದ ಮಾತ್ರಕ್ಕೆ ಹೊಲಕ್ಕೆ ನೀರು ಬರೋದಿಲ್ಲ. ತೂಬಿನಿಂದ ಪ್ರತಿ ಹೊಲಕ್ಕೂ ಹೊಲಗಾಲುವೆ ಬೇಕು, ಭೂಮಿ ಮಟ್ಟ ಆಗಬೇಕು, ಹೆಚ್ಚಾದ ನೀರು ಹೊರಗೆ ಹೋಗಲು ಬಸಿಗಾಲುವೆ ಬೇಕು. ಕಾಡಾದ ಕೆಲಸ ಇದು. ಇಲ್ಲಿ ಪ್ರಾಧಿಕಾರ ಜಮೀನು ಕಿತ್ತುಕೊಳ್ಳುವುದಿಲ್ಲ, ರೈತನ ಜಮೀನಿನಲ್ಲೇ ಕೆಲಸ ಮಾಡುತ್ತದೆ. ರೈತರೇ ಸದಸ್ಯರಾದ ನೀರು ಬಳಕೆದಾರರ ಸಹಕಾರ ಸಂಘಗಳಿಗೂ ಇದರಲ್ಲಿ ಪಾತ್ರವಿದೆ. ಇದು ಮಾಲೀಕನನ್ನು ಉಳಿಸಿಕೊಂಡು ಅಭಿವೃದ್ಧಿ ಮಾಡುವ ಗಡಿ.

ಹಾಗಂತ ಎಲ್ಲ ಸರಿಯಾಗಿದೆ ಅಂತಲ್ಲ. ಕೃಷ್ಣಾ ಮೇಲ್ದಂಡೆಯನ್ನು ಬಹುಪಾಲು ಲಘು ನೀರಾವರಿ ಬೆಳೆಗಳ ಲೆಕ್ಕದಲ್ಲಿ ರೂಪಿಸಲಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಮೇಲಿನವರು ಹೆಚ್ಚು ನೀರು ಹಿಡಿದರೆ ಕೊನೆಭಾಗದ ರೈತರಿಗೆ ನೀರಿಲ್ಲ. ಮೇಲಿನ ಕಪ್ಪು ಮಣ್ಣಿನಲ್ಲೋ ನೀರು ನಿಂತು ಸವಳು–ಜವಳು. ಹೈಡ್ರಾಲಿಕ್ಸ್ ಲೆಕ್ಕ ಸರಿಯಿದ್ದರೂ ‘ಯಾರು ಎಷ್ಟು ಬಳಸಬೇಕು’ ಎಂಬ ಒಪ್ಪಂದ ಗಟ್ಟಿಯಿಲ್ಲದಿದ್ದರೆ ಡಿಸೈನ್ ಸೋಲುತ್ತದೆ.

ಮೂರನೇ ಗಡಿ: ಕಡೇಚೂರು–ಬಾಡಿಯಾಳ

ಯಾದಗಿರಿಯಿಂದ ಸೈದಾಪುರ ಕಡೆ ಹೋದರೆ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ ಸಿಗುತ್ತದೆ. ಇದಕ್ಕಾಗಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ, 3,000 ಎಕರೆಗೂ ಹೆಚ್ಚು ಜಮೀನು ಪಡೆದಿದೆ. ರೈಲ್ವೆಯ ಬೋಗಿ ಕಾರ್ಖಾನೆ ಇಲ್ಲಿದೆ. (ಬೋಗಿ ಅಂದರೆ ನಾವು ಕೂರುವ ಡಬ್ಬಿ ಅಲ್ಲ, ಅದರ ಕೆಳಗೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಮೆಕ್ಯಾನಿಕಲ್‌ನವರಿಗೆ ಗೊತ್ತಿರುತ್ತದೆ!) ಔಷಧ ಮತ್ತು ರಾಸಾಯನಿಕ ಘಟಕಗಳೂ ಬಂದಿವೆ.

ಇಲ್ಲಿ ಕೆಲಸ ಮಾಡುವುದು 1966ರ ಕೆಐಎಡಿ ಕಾಯ್ದೆ. ಅದರ ಹಂತಗಳು ತಿಳಿದಿರಲಿ. 3ನೇ ಸೆಕ್ಷನ್ ಅಡಿ ‘ಕೈಗಾರಿಕಾ ಪ್ರದೇಶ’ ಘೋಷಣೆ. 28(1)ರಲ್ಲಿ ಪ್ರಾಥಮಿಕ ಅಧಿಸೂಚನೆ. 28(2)ರಲ್ಲಿ ಮಾಲೀಕನಿಗೆ ನೋಟಿಸು, ಉತ್ತರಕ್ಕೆ 30 ದಿನ. 28(3)ರಲ್ಲಿ ವಿಚಾರಣೆ. 28(4)ರಲ್ಲಿ ಅಂತಿಮ ಅಧಿಸೂಚನೆ. ಅದು ಪ್ರಕಟವಾದ ಮೇಲೆ ಜಮೀನು ಸರ್ಕಾರದ್ದು, ಆಮೇಲೆ ಮಂಡಳಿಗೆ ಹಸ್ತಾಂತರ. ಪರಿಹಾರ 29ನೇ ಸೆಕ್ಷನ್‌ನಲ್ಲಿ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿರುವ ಸಾಮಾಜಿಕ ಪರಿಣಾಮ ಅಧ್ಯಯನದ ಹಂತ ಈ ಹಾದಿಯಲ್ಲಿ ಇಲ್ಲ. ಅಂದರೆ ಇದು ಮಾಲೀಕನನ್ನೇ ಬದಲಿಸುವ ಗಡಿ.

ಒಳಗಿನ ಕಟ್ಟಡ ನಕ್ಷೆ ಮಂಜೂರು ಮಾಡುವುದು ಮಂಡಳಿ. ಮಂಡಳಿಯಲ್ಲಿ ಕೂರುವವರು ಬಹುತೇಕ ಹಿರಿಯ ಅಧಿಕಾರಿಗಳು. ಊರಿನ ಪಂಚಾಯ್ತಿಗೆ ಅಲ್ಲಿ ಕುರ್ಚಿಯಿಲ್ಲ. ಮತ್ತೊಂದು ಸೂಕ್ಷ್ಮ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ, ಅನುಮತಿ ಪಡೆದ ಕೈಗಾರಿಕಾ ಪ್ರದೇಶದೊಳಗೆ ಬರುವ ಘಟಕಗಳಿಗೆ ಸಾರ್ವಜನಿಕ ಆಲಿಕೆಯಿಂದ ವಿನಾಯ್ತಿ ಇದೆ. ಅಂದರೆ ಒಂದೊಂದು ಕಾರ್ಖಾನೆ ಬರುವಾಗಲೂ ಹಳ್ಳಿಯವರನ್ನು ಕೂರಿಸಿ ಕೇಳಬೇಕೆಂದಿಲ್ಲ.

ಗಡಿಯ ಹೊರಗಿನವರು

ಒಂದು ಸಣ್ಣ ಲೆಕ್ಕ ಮಾಡೋಣ. 3,000 ಎಕರೆ ಅಂದರೆ ಸುಮಾರು 12.1 ಚದರ ಕಿ.ಮೀ. ಅದನ್ನು ವೃತ್ತ ಅಂದುಕೊಂಡರೆ ತ್ರಿಜ್ಯ 1.96 ಕಿ.ಮೀ. ಈಗ ಅದರ ಸುತ್ತ 2 ಕಿ.ಮೀ. ಅಗಲದ ಪಟ್ಟಿ ಬಿಡಿಸಿ. ಆ ಪಟ್ಟಿಯ ವಿಸ್ತೀರ್ಣ ಸುಮಾರು 37 ಚದರ ಕಿ.ಮೀ. ಅಂದರೆ ಒಳಗಿನದರ ಮೂರು ಪಟ್ಟು! ಗಾಳಿಯಲ್ಲಿ ವಾಸನೆ 2 ಕಿ.ಮೀ. ಹೋದರೆ ಸಾಕು, ಗಡಿಯೊಳಗಿನ ಮೂರು ಪಟ್ಟು ನೆಲಕ್ಕೆ ಅದರ ಪರಿಣಾಮ. ಆ ನೆಲದವರಿಗೆ ನೋಟಿಸು ಬಂದಿರುವುದಿಲ್ಲ, ಪರಿಹಾರವೂ ಇಲ್ಲ.

ಕಡೇಚೂರು ಸುತ್ತಲಿನ ಹಳ್ಳಿಗಳಿಂದ ವಾಸನೆ ಮತ್ತು ತ್ಯಾಜ್ಯದ ಬಗ್ಗೆ ಮತ್ತೆ ಮತ್ತೆ ದೂರು ಬಂದಿರುವುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಜಲ ಕಾಯ್ದೆ 1974, ವಾಯು ಕಾಯ್ದೆ 1981ರಡಿ ಪರಿಶೀಲನೆ ಮಾಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ಜಮೀನು ಕೊಟ್ಟದ್ದು ಕೆಐಎಡಿಬಿ. ಜನ ಮೊದಲು ಹೋಗಿ ಬಾಗಿಲು ತಟ್ಟುವುದು ಪಂಚಾಯ್ತಿಯದು, ಆದರೆ ಅವರ ಕೈಯಲ್ಲಿ ಅಧಿಕಾರವಿಲ್ಲ.

ಉದ್ಯೋಗದ ವಿಷಯದಲ್ಲೂ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ: ‘371ಜೆ ಅದಲಾ, ಕಂಪನಿಯವರು ನಮಗೇ ಕೊಡಬೇಕು.’ ಹಾಗಿಲ್ಲ. 371ಜೆ ಮೀಸಲಾತಿ ಶಿಕ್ಷಣದ ಸೀಟುಗಳಿಗೆ, ರಾಜ್ಯ ಸರ್ಕಾರ ಮತ್ತು ಅದರ ಅಧೀನ ಸಂಸ್ಥೆಗಳ ಹುದ್ದೆಗಳಿಗೆ ಮಾತ್ರ. ಖಾಸಗಿ ಕಂಪನಿಗಾಗಲಿ ರೈಲ್ವೆಗಾಗಲಿ ಅದು ಅನ್ವಯಿಸುವುದಿಲ್ಲ. ಸ್ಥಳೀಯರಿಗೆ ಕೆಲಸ ಎಂಬ ಮಾತು ರಾಜ್ಯದ ಕೈಗಾರಿಕಾ ನೀತಿಯಲ್ಲಿದೆ, ಆದರೆ ನೀತಿ ಬೇರೆ, ಕಾಯ್ದೆ ಬೇರೆ. ಜಮೀನು ಹೋದದ್ದು ಕಾಯ್ದೆಯ ಬಲದಿಂದ, ಕೆಲಸದ ಭರವಸೆ ಬಂದದ್ದು ನೀತಿಯ ರೂಪದಲ್ಲಿ. ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ, ಜಮೀನು ಕೊಡುವ ಹೊತ್ತಿನಲ್ಲೇ ಭರವಸೆಯನ್ನು ಕರಾರಿನಲ್ಲಿ ಬರೆಸಬಹುದು.

ಬೇರೆ ದಾರಿ ಇದೆಯೇ?

ಇದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯೂ ಕೈಗಾರಿಕಾ ಪ್ರದೇಶವೇ. 2013ರಲ್ಲಿ ಅದಕ್ಕೆ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ರಚನೆಯಾಯಿತು. ಅದು ತೆರಿಗೆ ಸಂಗ್ರಹಿಸಿ ಅಲ್ಲಿಯ ರಸ್ತೆ, ದೀಪ, ನೈರ್ಮಲ್ಯ ನೋಡಿಕೊಳ್ಳುತ್ತದೆ, ಒಂದು ಪಾಲು ಸುತ್ತಲಿನ ಪಂಚಾಯ್ತಿಗಳಿಗೂ ಹೋಗುತ್ತದೆ. ಅಲ್ಲೂ ಮತದಾರರಿಗಿಂತ ಉದ್ದಿಮೆಗಳ ಮಾತೇ ಹೆಚ್ಚು ಎಂಬ ಟೀಕೆಗೆ ಅವಕಾಶವಿದೆ. ಆದರೆ ಗಡಿಯೊಳಗಿನ ಆದಾಯದಲ್ಲಿ ಗಡಿಯ ಹೊರಗಿನವರಿಗೂ ಪಾಲು ಎಂಬ ತತ್ವ ಕಡೇಚೂರಿಗೂ ಬೇಕಾದದ್ದೇ.

ಇನ್ನೊಂದು ಉದಾಹರಣೆ ದೇವನಹಳ್ಳಿ ತಾಲ್ಲೂಕಿನದು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವುದಾಗಿ ಘೋಷಿಸಿತು. ಆ 30 ದಿನಗಳ ನೋಟಿಸಿನ ಹಂತದಲ್ಲೇ ಮನಸ್ಸಿಟ್ಟು ಕೇಳಿದ್ದರೆ ಮೂರು ವರ್ಷ ಉಳಿಯುತ್ತಿತ್ತು, ಅಲ್ಲವೇ?

ನೆನಪಿಡಬೇಕಾದ ನಾಲ್ಕು ಪ್ರಶ್ನೆ

ಯಾವುದೇ ವಿಶೇಷ ಪ್ರಾಧಿಕಾರದ ಸುದ್ದಿ ಓದಿದಾಗ ಇವನ್ನು ಕೇಳಿ:

1. ಗಡಿಯೊಳಗೆ ಜಮೀನಿನ ಮಾಲೀಕ ಯಾರಾಗುತ್ತಾನೆ?
2. ಪ್ರಾಧಿಕಾರದಲ್ಲಿ ಕೂರುವವರು ಯಾರು, ಅವರಲ್ಲಿ ಆ ಊರಿನವರು ಎಷ್ಟು?
3. ಬೆಲೆ ಏರಿದಾಗ, ತೆರಿಗೆ ಬಂದಾಗ ಪಾಲು ಯಾರಿಗೆ?
4. ಗಡಿ ದಾಟಿ ಹೋಗುವ ನೀರು, ಗಾಳಿ, ಟ್ರಾಫಿಕ್‌ಗೆ ಹೊಣೆ ಯಾರು?

ವಿಶೇಷ ಪ್ರಾಧಿಕಾರವೇ ಬೇಡ ಅಂತ ನನ್ನ ವಾದವಲ್ಲ. ಯಾದಗಿರಿಯಿಂದ ಕೂಲಿಗಾಗಿ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುವ ಮಂದಿಯನ್ನು ನೋಡಿದವರು ಕಾರ್ಖಾನೆ ಬೇಡ ಅನ್ನಲಾರರು. ಆದರೆ ನಾಲ್ಕನೇ ಪ್ರಶ್ನೆಗೆ ಉತ್ತರ ಬರೆಯದೆ ಗಡಿ ಎಳೆದರೆ ಅದರ ಖರ್ಚು ಪಕ್ಕದ ಊರಿನವರ ತಲೆಗೆ. ನಮ್ಮಲ್ಲಿ ಕೆಲವರು ನಾಳೆ ಕೆಐಎಡಿಬಿಯಲ್ಲೋ ಕಾಡಾದಲ್ಲೋ ಮಾಲಿನ್ಯ ಮಂಡಳಿಯಲ್ಲೋ ಕೂರುತ್ತೇವೆ, ಕೆಲವರು ಆ ಕಾರ್ಖಾನೆಗಳಲ್ಲೇ. ಗಡಿಯ ನಕ್ಷೆ ಮುಂದೆ ಬಂದಾಗ ಆ 2 ಕಿ.ಮೀ. ಪಟ್ಟಿಯನ್ನೂ ಪೆನ್ಸಿಲ್‌ನಲ್ಲಿ ಬಿಡಿಸಿ, ಅದರೊಳಗೆ ಬರುವ ಹಳ್ಳಿಗಳ ಹೆಸರು ಬರೆದು, ಆಮೇಲೆ ಸಹಿ ಮಾಡೋಣ.