ವ್ಯಾವಹಾರಿಕ ಇಂಗ್ಲಿಷ್: ವಾಡಿಕೆಯ ಕೆಲಸಕ್ಕೆ ಯಾವ ಕಾಲ?

ದೂರದೇಶದ ಖರೀದಿದಾರನು ನಮ್ಮ ನಾಡಿನ ತಯಾರಕನನ್ನು ಮೊದಲು ಕಾಣುವುದು ಪತ್ರದಲ್ಲಿ. ಕಾರ್ಖಾನೆಯಾಗಲಿ ಯಂತ್ರಗಳಾಗಲಿ ಆತನ ಕಣ್ಣಿಗೆ ಬಿದ್ದಿರುವುದಿಲ್ಲ. ಆಗ ಪತ್ರದ ಒಂದು ಕ್ರಿಯಾಪದವೇ ಸಂಸ್ಥೆಯ ಪರಿಚಯವಾಗುತ್ತದೆ.

ಬೆಳಗಾವಿಯ ಫೌಂಡ್ರಿಯೊಂದು ಜರ್ಮನಿಯ ಪಂಪ್ ತಯಾರಕರಿಗೆ, “ವಿ ಯೂಸ್ಡ್ ಟು ಸಪ್ಲೈ ಕಾಸ್ಟಿಂಗ್ಸ್ ಟು ಪಂಪ್ ಮೇಕರ್ಸ್ ಇನ್ ಪುಣೆ” ಎಂದು ಬರೆಯಿತೆಂದು ಇಟ್ಟುಕೊಳ್ಳಬಹುದು. ಬರೆದವರ ಮನಸ್ಸಿನಲ್ಲಿರುವುದು ‘ಪುಣೆಯವರಿಗೆ ಪೂರೈಸುತ್ತ ಬಂದಿದ್ದೇವೆ’ ಎಂಬ ಹೆಮ್ಮೆ. ಓದುವವನಿಗೆ ದೊರೆಯುವ ಅರ್ಥವಾದರೋ ‘ಹಿಂದೆ ಪೂರೈಸುತ್ತಿದ್ದೆವು, ಈಗ ಇಲ್ಲ’ ಎಂದು. ಏಕೆ ನಿಂತಿತು? ಗುಣಮಟ್ಟ ಕುಸಿಯಿತೆ, ಹಣದ ತಕರಾರೆ? ಈ ಪ್ರಶ್ನೆಯನ್ನು ಆತ ಬಾಯಿಬಿಟ್ಟು ಕೇಳದೆಯೇ ಮುಂದಿನ ಕೊಟೇಶನ್ ಕೈಗೆತ್ತಿಕೊಳ್ಳಬಹುದು. ‘ಯೂಸ್’ ಎಂಬ ಮಾತಿನಲ್ಲಿ ಬಳಕೆ, ವಾಡಿಕೆಗಳ ಧ್ವನಿ ಇರುವುದರಿಂದ ಈ ಪ್ರಯೋಗ ವಾಡಿಕೆಯನ್ನು ಸೂಚಿಸುತ್ತದೆಂದು ಭಾವಿಸುವುದು ಸಹಜ. ಸೂಚಿಸುವುದೂ ನಿಜ, ಆದರೆ ಮುಗಿದುಹೋದ ವಾಡಿಕೆಯನ್ನು ಮಾತ್ರ.

ಈ ತೊಡಕಿನ ಬೇರು ಕನ್ನಡದ ಅನುಕೂಲದಲ್ಲಿಯೇ ಇದೆ. ‘ಪ್ರತಿ ಸೋಮವಾರ ಕಳುಹಿಸುತ್ತೇವೆ’, ‘ನಾಳೆ ಕಳುಹಿಸುತ್ತೇವೆ’ ಎಂಬೆರಡಕ್ಕೂ ನಮಗೆ ಒಂದೇ ರೂಪ ಸಾಕು. ‘ಕಳುಹಿಸುತ್ತಿದ್ದೇವೆ’ ಎಂಬುದು ಈ ಗಳಿಗೆಗೂ ಸಲ್ಲುತ್ತದೆ, ಇಪ್ಪತ್ತು ವರ್ಷಗಳ ವ್ಯವಹಾರಕ್ಕೂ ಸಲ್ಲುತ್ತದೆ. ಇಂಗ್ಲಿಷ್ ಇವನ್ನೆಲ್ಲ ಬೇರೆ ಬೇರೆ ರೂಪಗಳಲ್ಲಿ ಇಡುತ್ತದೆ.

ನಿತ್ಯ ನಡೆಯುವ ಕೆಲಸಕ್ಕೆ ಅಲ್ಲಿ ಸಲ್ಲುವುದು ಸಾಮಾನ್ಯ ವರ್ತಮಾನಕಾಲ: “ವಿ ಮೇಕ್ ವಾಲ್ವ್ಸ್.” ನಮ್ಮ ಪತ್ರಗಳಲ್ಲಿ ಇದರ ಬದಲಿಗೆ “ವಿ ಆರ್ ಮೇಕಿಂಗ್ ವಾಲ್ವ್ಸ್” ಎಂಬ ನಿರಂತರ ರೂಪ ಮೇಲಿಂದ ಮೇಲೆ ಕಾಣಿಸುತ್ತದೆ. ಹುಬ್ಬಳ್ಳಿಯಲ್ಲಿಯೋ ಮುಂಬಯಿಯಲ್ಲಿಯೋ ಇದನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಭಾರತೀಯರ ಇಂಗ್ಲಿಷಿನಲ್ಲಿ ಅದು ಅಷ್ಟು ರೂಢಿಯಾಗಿದೆ. ಹೊರನಾಡಿನ ಓದುಗನಿಗೆ ಮಾತ್ರ ಅದು ‘ಸದ್ಯಕ್ಕೆ ಮಾಡುತ್ತಿದ್ದೇವೆ’ ಎಂಬಂತೆ ಕೇಳಿಸಬಹುದು. “ವಿ ವರ್ಕ್ ಇನ್ ಟೂ ಶಿಫ್ಟ್ಸ್” ಎಂದರೆ ಎರಡು ಪಾಳಿ ಕಾರ್ಖಾನೆಯ ಕ್ರಮ ಎಂದಾಯಿತು. “ವಿ ಆರ್ ವರ್ಕಿಂಗ್ ಇನ್ ಟೂ ಶಿಫ್ಟ್ಸ್” ಎಂದರೆ ಕೆಲಸದ ಒತ್ತಡದಿಂದ ಈಗ ಎರಡು ಪಾಳಿ ನಡೆದಿದೆ, ಮುಂದೆ ಒಂದೇ ಆದೀತು ಎಂಬ ಊಹೆಗೆ ಎಡೆಯಾಗುತ್ತದೆ. ತಿಂಗಳಿಗೆ ಎಷ್ಟು ಮಾಲು ಸಿಕ್ಕೀತೆಂದು ಲೆಕ್ಕಹಾಕುವ ಖರೀದಿದಾರನಿಗೆ ಈ ಅಂತರ ಸಣ್ಣದಲ್ಲ.

ವರ್ಷವನ್ನು ಹೇಳುವಾಗ ಎರಡೂ ರೂಪಗಳು ಸಲ್ಲವು. “ವಿ ಆರ್ ಎಕ್ಸ್‌ಪೋರ್ಟಿಂಗ್ ಸಿನ್ಸ್ 1992” ಎಂಬುದು ‘1992ರಿಂದ ರಫ್ತು ಮಾಡುತ್ತಿದ್ದೇವೆ’ ಎಂಬುದರ ಪದಶಃ ಅನುವಾದ. ಅಲ್ಲಿ “ವಿ ಹ್ಯಾವ್ ಬೀನ್ ಎಕ್ಸ್‌ಪೋರ್ಟಿಂಗ್ ಸಿನ್ಸ್ 1992” ಎಂದಿರಬೇಕು. ಆರಂಭದ ವರ್ಷಕ್ಕೆ ‘ಸಿನ್ಸ್’, ವರ್ಷಗಳ ಎಣಿಕೆಗೆ ‘ಫಾರ್’. ಇನ್ನು “ಅವರ್ ಫರ್ಮ್ ಸಪ್ಲೈ” ಎಂದು ಬರೆದು ‘ಸಪ್ಲೈಸ್’ ಎಂಬುದರ ಕೊನೆಯ ಸಕಾರವನ್ನು ಬಿಡುವುದು ಅವಸರದ ತಪ್ಪು. ಮತ್ತೊಮ್ಮೆ ಓದಿದರೆ ಸರಿಹೋಗುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ವಾಡಿಕೆಗೂ ವಾಗ್ದಾನಕ್ಕೂ ಇರುವ ವ್ಯತ್ಯಾಸದಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ವರ್ತಕನೊಬ್ಬ ‘ಹತ್ತು ದಿನಗಳಲ್ಲಿ ಕಳುಹಿಸುತ್ತೇವೆ’ ಎಂಬುದನ್ನು ಇಂಗ್ಲಿಷಿಗೆ ತರುವಾಗ ಎರಡು ದಾರಿಗಳಿವೆ. “ವಿ ಯೂಶುವಲಿ ಡಿಸ್ಪ್ಯಾಚ್ ವಿದಿನ್ ಟೆನ್ ಡೇಸ್” ಎಂಬುದು ಅಂಗಡಿಯ ಸಾಮಾನ್ಯ ಪದ್ಧತಿಯ ವಿವರಣೆ. “ವಿ ವಿಲ್ ಡಿಸ್ಪ್ಯಾಚ್ ವಿದಿನ್ ಟೆನ್ ಡೇಸ್” ಎಂಬುದು ಈ ಆರ್ಡರಿಗೆ ಕೊಟ್ಟ ಮಾತು. ಹನ್ನೆರಡನೆಯ ದಿನ ಲಾರಿ ಹೊರಟಾಗ ಗ್ರಾಹಕನು ತೆಗೆದು ತೋರಿಸುವುದು ಆ ‘ವಿಲ್’ ಅನ್ನೇ. ಮಾತು ಕೊಡುವ ಉದ್ದೇಶವಿದ್ದರೆ ಧಾರಾಳವಾಗಿ ಬರೆಯಬಹುದು. ಪದ್ಧತಿಯನ್ನಷ್ಟೇ ತಿಳಿಸುವಾಗ ಅದು ಅನವಶ್ಯಕ ಹೊರೆ.

‘ಆಲ್ವೇಸ್’ ಎಂಬ ಪದದ ಸ್ವಭಾವ ಸ್ವಲ್ಪ ವಿಚಿತ್ರ. “ಯೂ ಆಲ್ವೇಸ್ ಪೇ ಆನ್ ಟೈಮ್” ಎಂಬುದು ಮೆಚ್ಚುಗೆ. ಅದೇ ಪದ ನಿರಂತರ ರೂಪದೊಡನೆ ಸೇರಿ “ಯೂ ಆರ್ ಆಲ್ವೇಸ್ ಆಸ್ಕಿಂಗ್ ಫಾರ್ ಸ್ಯಾಂಪಲ್ಸ್” ಎಂದಾದರೆ ‘ಯಾವಾಗ ನೋಡಿದರೂ ಸ್ಯಾಂಪಲ್ ಕೇಳುತ್ತೀರಿ’ ಎಂಬ ಬೇಸರ ಇಣುಕುತ್ತದೆ. ಹಳೆಯ ಗಿರಾಕಿಗೆ ಹೀಗೆ ಬರೆಯದಿರುವುದೇ ಮೇಲು.

‘ಯೂಸ್ಡ್ ಟು’ ಎಂಬುದನ್ನು ಪೂರ್ತಿ ಕೈಬಿಡಬೇಕೆಂದೇನೂ ಇಲ್ಲ. ಅದರ ಹಿಂದೆ ‘ಆರ್’ ಬಂದರೆ ಅರ್ಥವೇ ಬದಲಾಗುತ್ತದೆ: “ವಿ ಆರ್ ಯೂಸ್ಡ್ ಟು ಹ್ಯಾಂಡ್ಲಿಂಗ್ ಸ್ಮಾಲ್ ಆರ್ಡರ್ಸ್” ಎಂದರೆ ಸಣ್ಣ ಆರ್ಡರುಗಳನ್ನು ನಿಭಾಯಿಸಿ ಅಭ್ಯಾಸವಿದೆ ಎಂದು. ತಯಾರಿಕೆಯೊಂದು ನಿಜವಾಗಿಯೂ ನಿಂತಿದ್ದರೆ ‘ಆರ್’ ಇಲ್ಲದ ಮೊದಲಿನ ರೂಪವೇ ಸರಿ, ಆಗ ಅದರ ಬೆನ್ನಿಗೇ ಈಗ ನಡೆದಿರುವ ಕೆಲಸವನ್ನೂ ಹೇಳಿದರೆ ಓದುವವನಿಗೆ ಸಂಶಯ ಉಳಿಯದು: “ವಿ ಯೂಸ್ಡ್ ಟು ಮೇಕ್ ಕಾಸ್ಟ್ ಐರನ್ ವಾಲ್ವ್ಸ್, ವಿ ನೌ ಮೇಕ್ ಸ್ಟೀಲ್ ವಾಲ್ವ್ಸ್.”