ಮನೆಯ ಕಂಪ್ಯೂಟರಿನಲ್ಲಿ ಮೇಲ್ ಕಾಣದಿದ್ದಾಗ

"ಮೇಲ್ ಬರ್ತಾ ಇಲ್ಲ" ಎಂದು ನಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ಯಾರ ಮೇಲ್? ಹೊಸದು ಬರುತ್ತಿಲ್ಲವೋ, ಕಳಿಸಿದ್ದು ಹೋಗುತ್ತಿಲ್ಲವೋ, ಮೊದಲು ಇದ್ದದ್ದು ಈಗ ಕಾಣುತ್ತಿಲ್ಲವೋ? ಇವು ಮೂರು ಬೇರೆ ಬೇರೆ ಕಾಯಿಲೆಗಳು. ಮದ್ದೂ ಬೇರೆ. ಒಬ್ಬರೇ ಬಳಸುವ ಕಂಪ್ಯೂಟರಿನಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ. ಐದು ಮಂದಿ ಬಳಸುವ ಕಂಪ್ಯೂಟರಿನಲ್ಲಿ ನಿನ್ನೆ ಯಾರು ಏನು ಒತ್ತಿದರು ಎಂಬುದು ಅವರಿಗೇ ನೆನಪಿರುವುದಿಲ್ಲ.

ಈಗ ಎಲ್ಲರೂ ಮೊಬೈಲಿನಲ್ಲೇ ಮೇಲ್ ನೋಡುತ್ತಾರಲ್ಲ, ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಿಜ. ಆದರೆ ಅಂಗಡಿಯ ಲೆಕ್ಕ, ಸ್ಕಾಲರ್‌ಶಿಪ್ ಅರ್ಜಿ, ಪ್ರಿಂಟ್ ತೆಗೆಯಬೇಕಾದ ದಾಖಲೆ ಇವೆಲ್ಲ ಇಂದಿಗೂ ಕಂಪ್ಯೂಟರಿನಲ್ಲೇ ನಡೆಯುತ್ತವೆ. ಅಂಥ ಮನೆಗಳಲ್ಲಿ ಥಂಡರ್‌ಬರ್ಡ್ ಅಥವಾ ಔಟ್‌ಲುಕ್‌ನಂಥ ಮೇಲ್ ತಂತ್ರಾಂಶವೊಂದು ಹಲವು ವರ್ಷಗಳಿಂದ ಇದ್ದೇ ಇರುತ್ತದೆ. ಯಾರು ಹಾಕಿದ್ದು, ಯಾವ ಸೆಟ್ಟಿಂಗ್‌ನಲ್ಲಿ ಹಾಕಿದ್ದು ಎಂದು ಯಾರೂ ಕೇಳುವುದಿಲ್ಲ. ಕೆಟ್ಟಾಗ ಮಾತ್ರ ನಮ್ಮನ್ನು ಕರೆಯುತ್ತಾರೆ, ಯಾಕೆಂದರೆ ನಾವು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು!

ಮೊದಲ ಪರೀಕ್ಷೆ ಎರಡು ನಿಮಿಷದ್ದು. ತಂತ್ರಾಂಶವನ್ನು ಬಿಟ್ಟು ಬ್ರೌಸರ್ ತೆರೆದು ಅದೇ ಖಾತೆಗೆ ಲಾಗಿನ್ ಆಗಿ. ಮೇಲ್ ಅಲ್ಲಿ ಕಂಡರೆ ಖಾತೆ ಸರಿಯಿದೆ, ನೆಟ್ ಸರಿಯಿದೆ, ತೊಂದರೆ ತಂತ್ರಾಂಶದಲ್ಲಿದೆ. ಅಲ್ಲಿಯೂ ಇಲ್ಲದಿದ್ದರೆ ಸ್ಪ್ಯಾಮ್ ನೋಡಿ, ಟ್ರ್ಯಾಶ್ ನೋಡಿ, ಜಾಗ ತುಂಬಿದೆಯೇ ಎಂದೂ ನೋಡಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಮೇಲ್, ಡ್ರೈವ್, ಫೋಟೋ ಮೂರೂ ಹಂಚಿಕೊಳ್ಳುತ್ತವೆ. ಮದುವೆಯ ವಿಡಿಯೋಗಳು ಅದನ್ನು ತುಂಬಿಸಿಬಿಟ್ಟರೆ ಹೊಸ ಮೇಲ್ ಒಳಗೆ ಬರುವುದೇ ಇಲ್ಲ, ಕಳಿಸಿದವರಿಗೆ ವಾಪಸ್ ಹೋಗುತ್ತದೆ.

ಬ್ರೌಸರಿನಲ್ಲಿ ಇಲ್ಲ, ತಂತ್ರಾಂಶದಲ್ಲಿ ಮಾತ್ರ ಇದೆ ಎಂಬ ಮೂರನೆಯ ಸಂದರ್ಭವೂ ಉಂಟು. ಅಪಾಯ ಇರುವುದು ಅಲ್ಲೇ. ಅದು ಅರ್ಥವಾಗಬೇಕಾದರೆ ಪಾಪ್ ಮತ್ತು ಐಮ್ಯಾಪ್ ಎಂಬ ಎರಡು ಹೆಸರು ಗೊತ್ತಿರಬೇಕು. ಪಠ್ಯದಲ್ಲಿ ನಾವು ಎಸ್‌ಎಂಟಿಪಿಯನ್ನು ಓದುತ್ತೇವೆ. ಅದು ಮೇಲ್ ಕಳಿಸುವ ದಾರಿ. ಬಂದ ಮೇಲನ್ನು ನಮ್ಮ ಕಂಪ್ಯೂಟರಿಗೆ ತರುವ ದಾರಿಗಳು ಈ ಎರಡು.

ಪಾಪ್ ಎಂದರೆ ಪೋಸ್ಟ್ ಆಫೀಸ್ ಪ್ರೋಟೋಕಾಲ್. ಹೆಸರಿನಲ್ಲೇ ಅರ್ಥವಿದೆ. ಅಂಚೆ ಕಚೇರಿಗೆ ಹೋಗಿ ನಮ್ಮ ಹೆಸರಿನ ಕಾಗದಗಳನ್ನು ಮನೆಗೆ ತಂದುಬಿಟ್ಟರೆ ಅಲ್ಲಿ ಮತ್ತೆ ಏನೂ ಉಳಿಯುವುದಿಲ್ಲ. ಇದರ ಮೊದಲ ರೂಪ ಬಂದದ್ದು 1984ರಲ್ಲಿ. ಸರ್ವರಿನಲ್ಲಿ ಜಾಗ ದುಬಾರಿ, ಸಂಪರ್ಕ ಫೋನ್ ತಂತಿಯ ಮೇಲೆ, ಒಬ್ಬನಿಗೆ ಒಂದೇ ಕಂಪ್ಯೂಟರ್ ಎಂಬ ಕಾಲ ಅದು. ಐಮ್ಯಾಪನ್ನು ಮಾರ್ಕ್ ಕ್ರಿಸ್ಪಿನ್ ರೂಪಿಸಿದ್ದು 1986ರಲ್ಲಿ. ಇದರಲ್ಲಿ ಮೇಲ್ ಸರ್ವರಿನಲ್ಲೇ ಇರುತ್ತದೆ. ಫೋನು, ಕಂಪ್ಯೂಟರ್, ಆಫೀಸು ಎಲ್ಲಿಂದ ನೋಡಿದರೂ ಒಂದೇ ಪೆಟ್ಟಿಗೆ ಕಾಣುತ್ತದೆ. ನನ್ನ ಪ್ರಕಾರ ಈಗ ಮನೆಯ ಕಂಪ್ಯೂಟರಿನಲ್ಲಿ ಪಾಪ್ ಇಡಲು ಒಂದೇ ಒಂದು ಕಾರಣವೂ ಇಲ್ಲ. ಆದರೂ ಹಳೆಯ ಸೆಟ್ಟಿಂಗ್ ಅನೇಕ ಮನೆಗಳಲ್ಲಿ ಹಾಗೆಯೇ ಉಳಿದಿದೆ.

ನನ್ನ ಅಣ್ಣ ಸೌದಿಯ ಜುಬೈಲ್‌ನಲ್ಲಿದ್ದಾನೆ. ಹೊಸ ಕಂಪೆನಿಯೊಂದು ಅವನ ಹಿಂದಿನ ಕೆಲಸದ ಅನುಭವ ಪತ್ರವನ್ನು ಗುರುವಾರದೊಳಗೆ ಕೊಡಬೇಕೆಂದು ಕೇಳಿತು. ಆ ಪತ್ರ ಎರಡು ತಿಂಗಳ ಹಿಂದೆಯೇ ಮೇಲ್‌ನಲ್ಲಿ ಬಂದಿತ್ತು, ಅವನು ಫೋನಿನಲ್ಲಿ ನೋಡಿಯೂ ಇದ್ದ. ಈಗ ಹುಡುಕಿದರೆ ಇಲ್ಲ. ಕೊಟ್ಟ ಕಂಪೆನಿ ಬಾಗಿಲು ಹಾಕಿಯಾಗಿತ್ತು, ಮತ್ತೆ ಕೇಳುವಂತೆಯೂ ಇರಲಿಲ್ಲ. ಖಾತೆ ಹ್ಯಾಕ್ ಆಗಿದೆ ಎಂದು ಒಬ್ಬರು ಹೇಳಿದರು. ಮನೆಯ ಕಂಪ್ಯೂಟರಿನಲ್ಲಿ ವೈರಸ್ ಇರಬೇಕು, ಹೇಗೂ ನಿಧಾನವಾಗಿದೆ, ಫಾರ್ಮ್ಯಾಟ್ ಮಾಡಿಸಿಬಿಡಿ ಎಂದು ರಿಪೇರಿ ಅಂಗಡಿಯವರು ಹೇಳಿದರು. ಉಪ್ಪ ಸಿಪಿಯು ಬಿಚ್ಚಿ ಅಂಗಡಿಗೆ ಕೊಂಡುಹೋಗಲು ಸಿದ್ಧರಾಗಿದ್ದರು.

"ಫೋನಿನಲ್ಲಿ ಎಲ್ಲಕ್ಕಿಂತ ಹಳೆಯ ಮೇಲ್ ಯಾವ ತಾರೀಕಿನದ್ದು?" ಎಂದು ಅಣ್ಣನನ್ನು ಕೇಳಿದೆ. ಸರಿಯಾಗಿ ಎರಡು ವಾರ ಹಿಂದಿನದ್ದು. ಕದಿಯುವವನು ಹೀಗೆ ದಿನ ಎಣಿಸಿ ಅಳಿಸುವುದಿಲ್ಲ. ಮನೆಯ ಥಂಡರ್‌ಬರ್ಡ್‌ನಲ್ಲಿ 'ಅಕೌಂಟ್ ಸೆಟ್ಟಿಂಗ್ಸ್' ತೆರೆದು 'ಸರ್ವರ್ ಸೆಟ್ಟಿಂಗ್ಸ್' ನೋಡಿದೆ. ಅಣ್ಣನ ಖಾತೆ ಪಾಪ್‌ನಲ್ಲಿತ್ತು. ಮೇಲನ್ನು ಸರ್ವರಿನಲ್ಲಿ ಬಿಡು ಎಂಬುದಕ್ಕೆ ಟಿಕ್ ಇತ್ತು, ಕೆಳಗೆ 'ಹೆಚ್ಚೆಂದರೆ 14 ದಿನ' ಎಂಬುದಕ್ಕೂ ಟಿಕ್ ಇತ್ತು. ಅಂದರೆ ಅಣ್ಣನ ಪ್ರತಿಯೊಂದು ಮೇಲೂ ನಮ್ಮ ಮನೆಗೆ ಇಳಿಯುತ್ತಿತ್ತು, ಹದಿನಾಲ್ಕು ದಿನ ಕಳೆದ ಮೇಲೆ ಸರ್ವರಿನಿಂದ ಅಳಿದುಹೋಗುತ್ತಿತ್ತು. ಆ ಅನುಭವ ಪತ್ರದ ಏಕೈಕ ಪ್ರತಿ ಇದ್ದದ್ದು ನಮ್ಮ ಹಾರ್ಡ್‌ಡಿಸ್ಕಿನಲ್ಲಿ. ಫಾರ್ಮ್ಯಾಟ್ ಮಾಡಿದ್ದರೆ ಮುಗಿಯುತ್ತಿತ್ತು.

ಸರಿಪಡಿಸುವ ಕ್ರಮ ಮುಖ್ಯ. ಮೊದಲು 'ಹೆಲ್ಪ್' ಮೆನುವಿನ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್'ನಲ್ಲಿ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಎಂದು ನೋಡಿ, ತಂತ್ರಾಂಶವನ್ನು ಮುಚ್ಚಿ, ಆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಬೇಕು. ಎಲ್ಲರ ಮೇಲ್, ವಿಳಾಸ, ಸೆಟ್ಟಿಂಗ್ ಅದರಲ್ಲೇ ಇರುತ್ತವೆ. ಆಮೇಲೆ 14 ದಿನದ ಟಿಕ್ ತೆಗೆಯಬೇಕು. ಅದೇ ಖಾತೆಯನ್ನು ಐಮ್ಯಾಪ್ ಆಗಿ ಹೊಸದಾಗಿ ಸೇರಿಸಬೇಕು, ಪೋರ್ಟ್ 993. ಕೊನೆಗೆ ಹಳೆಯ ಇನ್‌ಬಾಕ್ಸಿನ ಮೇಲ್‌ಗಳನ್ನು ಆಯ್ದು ಹೊಸ ಐಮ್ಯಾಪ್ ಫೋಲ್ಡರಿಗೆ ನಕಲು ಮಾಡಿದರೆ ಅವು ಸರ್ವರಿಗೆ ಮರಳಿ ಏರುತ್ತವೆ. ನಾನು ಮೊದಲು ಆ ಒಂದು ಪತ್ರವನ್ನು ಏರಿಸಿದೆ. ಐದು ನಿಮಿಷದಲ್ಲಿ ಅದು ಜುಬೈಲ್‌ನ ಫೋನಿನಲ್ಲಿ ಕಾಣಿಸಿತು. ಉಳಿದ ಸಾವಿರ ಚಿಲ್ಲರೆ ಮೇಲ್ ಏರಲು ನಮ್ಮ ನೆಟ್‌ನಲ್ಲಿ ಅಸರ್‌ನಿಂದ ಇಶಾದವರೆಗೆ ಹಿಡಿಯಿತು.

ಆ ಪತ್ರವನ್ನು ತೆರೆಯುವ ಮೊದಲು ನಾನು ಅಣ್ಣನ ಅನುಮತಿ ಕೇಳಿದ್ದೆ. "ಅದಕ್ಕೂ ಕೇಳ್ಬೇಕಾ?" ಎಂದು ಅವನು ನಕ್ಕ. ಕೇಳಬೇಕು ಎಂದೇ ನನ್ನ ಅಭಿಪ್ರಾಯ. ಅನುಮತಿಯಿಲ್ಲದೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬಾರದೆಂದು ಸೂರಃ ಅನ್ನೂರ್‌ನಲ್ಲಿ ನಾವೆಲ್ಲ ಕಲಿತವರು. ಇನ್ನೊಬ್ಬರ ಇನ್‌ಬಾಕ್ಸ್ ಅದಕ್ಕಿಂತ ಕಡಿಮೆಯ ಜಾಗವಲ್ಲ. ರಿಪೇರಿಗೆ ಕೂತವನ ಕೈಯಲ್ಲಿ ಅದೊಂದು ಅಮಾನತ್ತು.

ಉಳಿದ ತೊಂದರೆಗಳು ಇಷ್ಟು ದೊಡ್ಡವಲ್ಲ, ಆದರೆ ಹೆಚ್ಚು ಸಲ ಬರುತ್ತವೆ. ಹೊಸ ಮೇಲ್ ಕಾಣುವುದಿಲ್ಲ ಎಂದು ದೂರುವಾಗ ಪಟ್ಟಿಯ ತಲೆಯನ್ನು ನೋಡಿ. ಯಾರೋ 'ಸಬ್ಜೆಕ್ಟ್' ಎಂಬಲ್ಲಿ ಒತ್ತಿರುತ್ತಾರೆ, ಪಟ್ಟಿ ತಾರೀಕಿನ ಬದಲು ಅಕ್ಷರಕ್ರಮದಲ್ಲಿ ನಿಂತಿರುತ್ತದೆ, ಇಂದಿನ ಮೇಲ್ ಎಲ್ಲೋ ನಡುವೆ ಸೇರಿಹೋಗಿರುತ್ತದೆ. 'ಡೇಟ್' ಮೇಲೆ ಒತ್ತಿದರೆ ಸರಿ. ಥಂಡರ್‌ಬರ್ಡ್‌ನ ಕೆಳಗಿನ ಎಡಮೂಲೆಯಲ್ಲಿರುವ ಚಿಕ್ಕ ಗುರುತನ್ನು ಒತ್ತಿದರೆ ಅದು ಆಫ್‌ಲೈನ್ ಆಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲರ ಖಾತೆಯೂ ಒಟ್ಟಿಗೆ ಕೆಟ್ಟು, ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ ಬಂದರೆ ಕಂಪ್ಯೂಟರಿನ ತಾರೀಕು ನೋಡಿ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಮುಗಿದಿದ್ದರೆ ಕರೆಂಟು ಹೋದಾಗಲೆಲ್ಲ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ವರಿನ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದು ತಂತ್ರಾಂಶ ತಿಳಿದು ಸಂಪರ್ಕ ಬೇಡ ಎನ್ನುತ್ತದೆ. ಹೆಚ್ಚಿನ ಕಂಪ್ಯೂಟರುಗಳಲ್ಲಿ ಆ ಸೆಲ್ ಸಿಆರ್ 2032. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಬರುತ್ತದೆ ಆದರೆ ಹೋಗುವುದಿಲ್ಲ ಎಂದಾದರೆ ಕಳಿಸುವ ಪೋರ್ಟ್ 25 ಇದೆಯೇ ನೋಡಿ. ಸ್ಪ್ಯಾಮ್ ತಡೆಯಲು ಅನೇಕ ನೆಟ್ ಸಂಸ್ಥೆಗಳು ಅದನ್ನು ಮುಚ್ಚಿವೆ. 587 ಅಥವಾ 465 ಹಾಕಬೇಕು. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಲಗತ್ತು ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಪಾಸ್‌ವರ್ಡ್ ಪೆಟ್ಟಿಗೆ ಮತ್ತೆ ಮತ್ತೆ ಬರುವುದು ಇನ್ನೊಂದು. 2022ರ ಮೇ 30ರಿಂದ ಗೂಗಲ್ ಬರೀ ಹೆಸರು, ಪಾಸ್‌ವರ್ಡ್ ಕೊಡುವ ಹಳೆಯ ತಂತ್ರಾಂಶಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸಿತು. ಪಾಸ್‌ವರ್ಡ್ ಸರಿಯಾಗಿದ್ದರೂ ಪೆಟ್ಟಿಗೆ ಮರಳಿ ಬರುವುದು ಅದಕ್ಕೇ. ಸೆಟ್ಟಿಂಗ್‌ನಲ್ಲಿ ದೃಢೀಕರಣದ ವಿಧಾನವನ್ನು 'ಓಆತ್2' ಎಂದು ಬದಲಿಸಿದರೆ ಗೂಗಲ್‌ನದೇ ಲಾಗಿನ್ ಪುಟ ತೆರೆಯುತ್ತದೆ. ತಂತ್ರಾಂಶ ತೀರಾ ಹಳೆಯದಾದರೆ ಎರಡು ಹಂತದ ಪರಿಶೀಲನೆ ಹಾಕಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ದಯವಿಟ್ಟು ಪಾಸ್‌ವರ್ಡನ್ನೇ ಬದಲಾಯಿಸಲು ಹೋಗಬೇಡಿ. ಕಂಪ್ಯೂಟರಿನ ತೊಂದರೆ ಹಾಗೇ ಉಳಿದು, ಸರಿಯಾಗಿದ್ದ ಫೋನೂ ನಿಲ್ಲುತ್ತದೆ.

ಆ್ಯಂಟಿವೈರಸ್ ಕುರಿತು ಒಂದು ಮಾತು. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಎಲ್ಲ ಮೇಲ್‌ಗಳನ್ನೂ ಒಂದೇ ಕಡತದಲ್ಲಿ ಇಡುತ್ತದೆ. ಒಂದು ಲಗತ್ತಿನಲ್ಲಿ ವೈರಸ್ ಸಿಕ್ಕರೆ ಆ್ಯಂಟಿವೈರಸ್ ಇಡೀ ಇನ್‌ಬಾಕ್ಸನ್ನೇ ಎತ್ತಿ ಬಂಧನದಲ್ಲಿಡಬಹುದು. ಇನ್‌ಬಾಕ್ಸ್ ಒಮ್ಮೆಲೇ ಖಾಲಿಯಾದರೆ ಆ್ಯಂಟಿವೈರಸ್‌ನ 'ಕ್ವಾರಂಟೈನ್' ಪಟ್ಟಿಯನ್ನು ನೋಡಿ, ಅಲ್ಲಿಂದ ಮರಳಿ ಪಡೆಯಲು ಬರುತ್ತದೆ.

ಇಷ್ಟೆಲ್ಲ ಗೊಂದಲಕ್ಕೆ ಬೇರು ಎಲ್ಲರೂ ಒಂದೇ ವಿಂಡೋಸ್ ಖಾತೆಯಲ್ಲಿ ಕೂರುವುದು. ಹಾಗಿದ್ದಾಗ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಯಾರು ಬೇಕಾದರೂ ಸೆಟ್ಟಿಂಗ್ಸ್‌ನಲ್ಲಿ ತೆರೆದು ಓದಬಹುದು, ಇದು ಹಲವರಿಗೆ ಗೊತ್ತೇ ಇಲ್ಲ. ಮನೆಗೆ ಬಂದ ನೆಂಟರ ಹುಡುಗನೂ ಓದಬಹುದು. ವಿಂಡೋಸ್‌ನ 'ಸೆಟ್ಟಿಂಗ್ಸ್'ನಲ್ಲಿ 'ಅಕೌಂಟ್ಸ್'ಗೆ ಹೋಗಿ ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇರೆ ಪಿನ್ ಮಾಡಿಕೊಡಲು ಹತ್ತು ನಿಮಿಷ ಸಾಕು. ಆಗ ತಂತ್ರಾಂಶ ಒಂದೇ ಆದರೂ ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರೊಫೈಲ್ ಆಗುತ್ತದೆ. ಒಬ್ಬರ ಪಟ್ಟಿಯ ಕ್ರಮ ಇನ್ನೊಬ್ಬರಿಗೆ ತಾಗುವುದಿಲ್ಲ. ನಮ್ಮ ಮನೆಯಲ್ಲಿ ಈಗ ನಾಲ್ಕು ಖಾತೆಗಳಿವೆ. ಉಮ್ಮ ಮಾತ್ರ ತನಗೆ ಬೇಡವೆಂದರು. ಕಳೆದ ತಿಂಗಳು ಕರೆಂಟ್ ಬಿಲ್ಲಿನ ಮೇಲ್ ನೋಡಬೇಕಾದಾಗ ಅವರೇ ಬಂದು, "ನನಗೂ ಒಂದು ಮಾಡು, ಪಿನ್ ನಿನಗೆ ಹೇಳುವುದಿಲ್ಲ" ಎಂದರು.